ಬೆಟ್ಟದಿಂದ ಕುರ್ಚಿ ಹೊತ್ತಿಳಿದ ಕೆಂಚಣ್ಣ

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೆಕ್ಕೆಜೋಳ ತುಂಬಿದ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಬಂದು ಅಂಗಡಿಯ ಕಟ್ಟೆಗೆ ತಾಗಿ ನಿಂತಿದೆ. ಮಾಗಿಯ ಚಳಿಗೆ ತಲೆಗೆ ಟವೆಲು ಸುತ್ತಿಕೊಂಡ ಹಮಾಲರು ಚಹಾದ ಲೋಟ ಕೆಳಗಿಟ್ಟು ಕೊಕ್ಕೆ ಕೈಗೆತ್ತಿಕೊಳ್ಳುತ್ತಿದ್ದಾರೆ. ಗಿಡ್ಡ ಆಳು, ಅಗಲವಾದ ಬೆನ್ನು, ಅರ್ಧ ನರೆತ ಮೀಸೆಯ ಕೆಂಚಣ್ಣ ಸೊಂಟದ ಚೀಲದಿಂದ ವಿಭೂತಿ ತೆಗೆದು, ಒಂದೇ ಬೆರಳಿನಲ್ಲಿ, ಮೊದಲ ಮೂಟೆಯ ಮೇಲೆ ಒಂದು ಗೆರೆ ಎಳೆಯುತ್ತಾರೆ. ಆಳೂ ಬೀಳಬಾರದು, ಮಾಲೂ ಬೀಳಬಾರದು ಎಂಬುದು ಆ ಗೆರೆಯ ಅರ್ಥ. ಆಮೇಲೆ ಬೆನ್ನು ಬಗ್ಗಿಸುತ್ತಾರೆ.

"ಏನಲೇ ಕೆಂಚ, ಇದನ್ನೂ ಕುರ್ಚಿ ಮ್ಯಾಲೆ ಕುಂದ್ರಿಸ್ಕಂಡು ಹೊರ್ತೀಯೇನಲೇ?" ಎಂದು ಲಾರಿಯ ಮೇಲಿಂದ ಉಚ್ಚೆಂಗಪ್ಪ ಕೂಗುತ್ತಾರೆ. ಇಬ್ಬರೂ ಒಂದೇ ವಾರಿಗೆಯ ಹಮಾಲರು.

"ಚೀಲ ನಿನಗಿಂತ ವಾಸಿ ಬಿಡಪ. ಹೊತ್ತು ಇಳಿಸಿದ ಮ್ಯಾಲೆ ಬಾಯಿ ತೆಗೆಯಂಗಿಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಾರೆ. ಕೆಂಚಣ್ಣನೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಈ ಕುರ್ಚಿಯ ಸಂಗತಿ ಅಕ್ಟೋಬರಿನಿಂದ ಈಚೆಗೆ ದಾವಣಗೆರೆ, ಹರಿಹರ ಎರಡೂ ಊರುಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಾಡಿದೆ. ಎಲ್ಲರೂ ನೋಡಿದ್ದಾರೆ, ಯಾರೂ ವಿಚಾರಿಸಿಲ್ಲ. ಕಾಲು ಮುರಿದು ಕಾಡಿನಲ್ಲಿ ಕುಳಿತ ಒಬ್ಬ ಮನುಷ್ಯನನ್ನು ಹೊತ್ತು ತಂದದ್ದಕ್ಕೆ ಇನ್ನೊಬ್ಬ ಮನುಷ್ಯನಿಂದ ತಪ್ಪೊಪ್ಪಿಗೆ ಕೇಳುವುದನ್ನು ನಾನು ಈ ವಯಸ್ಸಿನಲ್ಲಿ ಕಣ್ಣಾರೆ ನೋಡಬೇಕಾಯಿತು. ಅದನ್ನು ಬರೆಯದೆ ಸುಮ್ಮನಿರುವುದು ನನ್ನಿಂದಾಗದು.

ಕೆಂಚಣ್ಣನ ಮನೆ ಇರುವುದು ಹರಿಹರದಲ್ಲಿ, ಹೊಳೆಗೆ ಇಳಿಯುವ ಓಣಿಯಲ್ಲಿ. ಐವತ್ತು ದಾಟಿದೆ. ಓದು ನಾಲ್ಕನೆಯ ತರಗತಿಗೆ ನಿಂತಿತು. ಮೀಸೆ ಚಿಗುರುವ ಮೊದಲೇ ಮೂಟೆ ಬೆನ್ನಿಗೆ ಬಂತು. ದಿನಾ ಮೊದಲ ಬಸ್ಸಿಗೆ ದಾವಣಗೆರೆಗೆ ಬರುತ್ತಾರೆ, ಲಾರಿ ಖಾಲಿಯಾದ ಮೇಲೆ ಹಿಂದಿರುಗುತ್ತಾರೆ. ಹೆಂಡತಿ ನೀಲಕ್ಕ ಗುಡಿಯ ಮುಂದೆ ಕುಳಿತು ಹೂ ಕಟ್ಟಿ ಮಾರುತ್ತಾರೆ. ನಾನು ಹರಿಹರದ ಶಾಲೆಯಲ್ಲಿ ಮೇಷ್ಟರಾಗಿದ್ದವನು, ನಮ್ಮ ಮನೆಯ ಪೂಜೆಯ ಹೂವು ಬಹಳ ವರ್ಷಗಳಿಂದ ಆಕೆಯ ಬುಟ್ಟಿಯದೇ. ಈಗ ಪೂಜೆಗೆ ನಾನೊಬ್ಬನೇ. ಆದರೂ ಆಕೆ ಮೊದಲಿನಷ್ಟೇ ಅಳೆದು ಕೊಡುತ್ತಾರೆ, ಕಡಿಮೆ ಮಾಡಿ ಎಂದು ನಾನೂ ಹೇಳಿಲ್ಲ.

ಕೆಲವು ವರ್ಷಗಳ ಹಿಂದೆ ಬಸವಕಿರಣ್ ಎಂಬ ಯುವಕರೊಬ್ಬರು ಯಾರ್ಡಿಗೆ ಬಂದು, ಬೆಟ್ಟಕ್ಕೆ ಅಡುಗೆ ಪಾತ್ರೆ ಹೊರಲು ಒಬ್ಬ ಗಟ್ಟಿ ಆಳು ಬೇಕು ಎಂದು ಕೇಳಿದರು. ವಿದ್ಯಾನಗರದಲ್ಲಿ ಹಾಸ್ಟೆಲುಗಳ ನಡುವೆ ಒಂದು ಕೋಣೆ ಹಿಡಿದು ಅವರು ಚಾರಣದ ಸಂಸ್ಥೆ ನಡೆಸುತ್ತಾರೆ. ಶನಿವಾರ ಸಂಜೆ ಟಿಟಿ ಗಾಡಿಗಳು ಹೊರಡುತ್ತವೆ. ಭಾನುವಾರ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಬೆಟ್ಟ ಹತ್ತಿ ಇಳಿದು ಮತ್ತೆ ಊರಿಗೆ. ಹೋಗುವವರು ಕಾಲೇಜಿನ ಹುಡುಗರು, ಬ್ಯಾಂಕಿನವರು, ಮೇಷ್ಟರುಗಳು, ಅಂಗಡಿಯವರು. ಪಾತ್ರೆ ಹೊರಲು ಹೋದ ಕೆಂಚಣ್ಣ ಎರಡು ಮೂರು ಸಲ ಹೋಗಿ ಬರುವಷ್ಟರಲ್ಲಿ ಬೇರೆಯೇ ಕೆಲಸಕ್ಕೆ ನಿಂತರು. ಸಾಲಿನ ಕೊನೆಯವರಾದರು.

ಸಾಲಿನ ಕೊನೆಯವನು ಎಂದರೆ ಎಲ್ಲರಿಗಿಂತ ಹಿಂದೆ ನಡೆಯುವವನು. ಅವನ ಹಿಂದೆ ಯಾರೂ ಉಳಿಯಬಾರದು. ಅರಣ್ಯ ಇಲಾಖೆಯ ಮಾರ್ಗದರ್ಶಿ ಮುಂದೆ ದಾರಿ ತೋರಿಸುತ್ತಾನೆ. ಉಸಿರು ಕಟ್ಟಿದವರು, ಮಂಡಿ ಹಿಡಿದವರು, ಬೂಟು ಕಚ್ಚಿದವರು, ರಕ್ತ ಹೀರುವ ಇಂಬಳ ಕಂಡು ಚೀರಿದವರು, ಇವರೆಲ್ಲ ಕೊನೆಯವನ ಪಾಲು.

"ಮುಂದಿರೋನಿಗೆ ದಾರಿ ಗೊತ್ತಿದ್ರೆ ಸಾಕು ಮೇಷ್ಟ್ರೇ, ಹಿಂದಿರೋನಿಗೆ ಮಂದಿ ಗೊತ್ತಿರ್ಬೇಕು" ಎನ್ನುತ್ತಾರೆ ಕೆಂಚಣ್ಣ. "ಸುಸ್ತಾತು ಅನ್ನೋರ್ದು ಚಿಂತಿಲ್ಲ. ಸುಸ್ತಾಗಿಲ್ಲ ಅಂತ ಸುಳ್ಳು ಹೇಳ್ತಾರಲ್ಲ, ಅವ್ರನ್ನ ಕಾಯಾದು ಕಷ್ಟ."

ಬೆಟ್ಟದ ತುದಿ ನೋಡಿದ್ದೀರಾ ಎಂದು ಕೇಳಿದೆ.

"ಎರಡು ಸಲ ಮುಟ್ಟೀನ್ರಿ. ಎರಡೂ ಸಲ ಮಂಜು. ನನ್ನ ಕೈ ನನಗೇ ಕಾಣ್ಲಿಲ್ಲ. ಉಳಿದ ಸಲ ಯಾರ್ನಾರ ಅರ್ಧದಾಗಿಂದ ವಾಪಸ್ ಕರ್ಕಂಡು ಬರಾದೇ ಆತು."

ಪ್ರಾಣಿಗಳನ್ನು ಮಾತ್ರ ಅವರು ಬೇಕಾದಷ್ಟು ನೋಡಿದ್ದಾರೆ. ಮುಂದೆ ಹೋಗುವವರು ಹಣ ಕೊಟ್ಟು ಬಂದರೂ ಒಂದು ಬಾಲವನ್ನೂ ಕಾಣದೆ ಹಿಂದಿರುಗುತ್ತಾರಂತೆ. "ಅಷ್ಟು ಮಂದಿ ಹಾಡು ಹಾಕ್ಕಂಡು ಹೋದ್ರೆ ಯಾವ ಪ್ರಾಣಿ ನಿಲ್ತೈತ್ರಿ? ಎಲ್ರೂ ದಾಟಿದ ಮ್ಯಾಲೆ ಮೆಲ್ಲಕೆ ಹೊರಗೆ ಬರ್ತಾವೆ. ಒಂದ್ಸಲ ಒಂದು ಕಡವೆ, ಇಷ್ಟೆತ್ತರ ಐತೆ, ಹುಲ್ಲಿನಾಗ ನಿಂತು ನನ್ನೇ ನೋಡ್ತು. ನಾನೂ ನೋಡ್ದೆ. ಅವ್ರು ಹೋಗ್ಲಿ ಅಂತ ಅದೂ ಕಾಯ್ತಿತ್ತು, ನಾನೂ ಕಾಯ್ತಿದ್ದೆ."

ನೀಲಕ್ಕನಿಗೆ ಈ ಬೆಟ್ಟದ ಹುಚ್ಚು ಹಿಡಿಸಿದ್ದಿಲ್ಲ. "ಈ ಮನುಷ್ಯ ವಾರವೆಲ್ಲ ಹೊರ್ತಾನ್ರಿ ಮೇಷ್ಟ್ರೇ. ಭಾನುವಾರ ಒಂದಿನ ಬೆನ್ನು ನೆಲಕ್ಕೆ ಹಾಕು ಅಂದ್ರೆ ಬೆಟ್ಟ ಹತ್ತಾಕೆ ಓಡ್ತಾನೆ. ಬೆಟ್ಟ ಏನು ಇವನ್ನ ಬಿಟ್ಟು ಎದ್ದು ಹೋಗ್ತೈತಾ?"

ಗಂಡ ಅದಕ್ಕೆ ಕೊಡುವ ಉತ್ತರ ಒಂದೇ. "ಯಾರ್ಡಿನಾಗ ನನ್ನ 'ಏ ಹಮಾಲಿ' ಅಂತಾರೆ. ಅಲ್ಲಿ 'ಕೆಂಚಣ್ಣಾ, ನಾನು ಹಿಂದೆ ಉಳಿದೆ, ನಿಂದ್ರು' ಅಂತಾರೆ. ಹಂಗೆ ಕರೆಸ್ಕಳ್ಳಾಕೆ ಹೋಗ್ತೀನಿ ಅಂತ ತಿಳ್ಕ."

ಆ ಕರೆ ಈಗ ನಿಂತಿದೆ. ಅಕ್ಟೋಬರಿನ ಒಂದು ಭಾನುವಾರದ ನಂತರ ಕೆಂಚಣ್ಣನನ್ನು ಬೆಟ್ಟಕ್ಕೆ ಕರೆದೊಯ್ಯುತ್ತಿಲ್ಲ.

ಆ ದಿನದ್ದನ್ನು ನನಗೆ ಮೊದಲು ವಿವರವಾಗಿ ಹೇಳಿದವರು ಶಾಂತಲಾ. ವಿದ್ಯಾನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಅಂದು ಸಾಲಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುತ್ತಿದ್ದವರು ಅವರೇ. ಇಳಿಯುವಾಗ ಅವರ ಮುಂದೆ ಬಕ್ಕೇಶ್ ಇದ್ದರು. ಯಾರ್ಡಿನಲ್ಲಿ ಮೆಕ್ಕೆಜೋಳದ ಖರೀದಿ ಅಂಗಡಿ ಇರುವವರು, ಎಸ್.ಎಸ್. ಬಡಾವಣೆಯ ನಿವಾಸಿ, ನನ್ನ ಸ್ನೇಹಿತರಾಗಿದ್ದ ದಿವಂಗತ ಪಂಚಾಕ್ಷರಪ್ಪನವರ ಮಗ. ತೊರೆ ದಾಟುವಾಗ ಪಾಚಿಗಟ್ಟಿದ ಬಂಡೆಯ ಮೇಲೆ ಬಕ್ಕೇಶರ ಕಾಲು ಜಾರಿ, ಎರಡು ಕಲ್ಲಿನ ನಡುವೆ ಸಿಕ್ಕಿ, ಪಾದದ ಮೇಲೆ ಮೂಳೆ ಮುರಿಯಿತು. "ಮುರಿದ ಶಬ್ದ ನನಗೆ ಕೇಳಿಸ್ತು ಸರ್" ಎಂದು ಶಾಂತಲಾ ಕಣ್ಣು ಮುಚ್ಚುತ್ತಾರೆ.

ಮುಂದಿನವರು ಆಗಲೇ ದೂರ ಹೋಗಿದ್ದರು. ಮೊಬೈಲಿಗೆ ಸಿಗ್ನಲ್ ಇಲ್ಲ. ಮಂಜು ಇಳಿಯುತ್ತಿತ್ತು, ಸಣ್ಣಗೆ ಮಳೆ ಬೇರೆ. ಕತ್ತಲಾಗುವ ಮೊದಲು ಉದ್ಯಾನದಿಂದ ಹೊರಬೀಳಬೇಕೆಂಬುದು ನಿಯಮ, ಆಮೇಲೆ ದಾರಿ ಕಾಟಿಗಳದ್ದು, ಅಂದರೆ ಕಾಡುಕೋಣಗಳದ್ದು. ಜೊತೆಯಲ್ಲಿ ಬಸವಕಿರಣ್ ಮತ್ತು ಮೂರು ನಾಲ್ಕು ಹುಡುಗರು ಇದ್ದರು. ಗಾಯಾಳುವನ್ನು ಮಲಗಿಸಿ ಒಯ್ಯುವ ಡೋಲಿ? ಇರಲಿಲ್ಲ. ಮುರಿದ ಕಾಲಿಗೆ ಕಟ್ಟುವ ಪಟ್ಟಿ? ಇರಲಿಲ್ಲ.

ಇದ್ದದ್ದು ಏನು ಎಂಬುದನ್ನು ಓದುಗರು ತಿಳಿಯಬೇಕು. ಆಕಾಶದಿಂದ ಚಿತ್ರ ತೆಗೆಯುವ ಡ್ರೋನ್ ಇತ್ತು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಇತ್ತು. ತುದಿಯಲ್ಲಿ ಹಿಡಿದು ಫೋಟೋ ತೆಗೆಸಿಕೊಳ್ಳಲು ಸಂಸ್ಥೆಯ ಹೆಸರಿನ ಕೇಸರಿ ಬ್ಯಾನರ್ ಇತ್ತು. ಒಂದು ಕುರ್ಚಿಯೂ ಇತ್ತು. ಮರದ ಚೌಕಟ್ಟು, ದಪ್ಪ ಬಟ್ಟೆಯ ಬೆನ್ನು, ಮಡಚಿ ಒಯ್ಯುವಂಥದ್ದು. ಅದರ ಮೇಲೆ ಬೆಟ್ಟದ ತುದಿಯಲ್ಲಿ ರಾಜರಂತೆ ಕುಳಿತು ಒಬ್ಬೊಬ್ಬರೇ ಫೋಟೋ ತೆಗೆಸಿಕೊಳ್ಳುತ್ತಾರಂತೆ. ಪ್ರತಿ ಸಲ ಅದನ್ನು ಮೇಲೆ ಹೊತ್ತು ಮುಟ್ಟಿಸಲು ಒಬ್ಬ ಹುಡುಗ. ಜೀವಕ್ಕೆ ಬೇಕಾದದ್ದನ್ನು ಮನೆಯಲ್ಲಿ ಬಿಟ್ಟು ಚಿತ್ರಕ್ಕೆ ಬೇಕಾದದ್ದನ್ನು ಬೆಟ್ಟ ಹತ್ತಿಸುವ ಬುದ್ಧಿ ನಮ್ಮವರಿಗೆ ಯಾವಾಗ ಬಂತೋ ಶಿವನೇ ಬಲ್ಲ.

ಕೆಂಚಣ್ಣ ಆ ಕುರ್ಚಿಯನ್ನು ಬಿಡಿಸಿ ನಿಲ್ಲಿಸಿದರು. ಬಕ್ಕೇಶರನ್ನು ಎತ್ತಿ ಕೂರಿಸಿದರು. ಮುರಿದ ಕಾಲಿಗೆ ಎರಡು ಕೋಲು ಸೇರಿಸಿ ಟವೆಲಿನಿಂದ ಬಿಗಿದು, ಅದನ್ನು ಇನ್ನೊಂದು ತೊಡೆಯ ಮೇಲೆ ಮಡಚಿಟ್ಟು ಅಲ್ಲಾಡದಂತೆ ಕಟ್ಟಿದರು. ಎದೆಗೆ ಒಂದು ಪಂಚೆ ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿದರು. ಮಳೆಯಲ್ಲಿ ನಡುಗುತ್ತಿದ್ದವರಿಗೆ ಆ ಕೇಸರಿ ಬ್ಯಾನರನ್ನೇ ಹೊದಿಸಿದರು. ಆಮೇಲೆ ಯಾರ್ಡಿನಲ್ಲಿ ದಿನಾ ಮಾಡುವಂತೆ ವಿಭೂತಿ ತೆಗೆದು ಬಕ್ಕೇಶರ ಹಣೆಗೆ ಹಚ್ಚಿ, ಕುರ್ಚಿಗೆ ಹಗ್ಗ ಹಾಕಿ, ಬೆನ್ನಿಗೆ ಬೆನ್ನು ಕೊಟ್ಟು ಎದ್ದು ನಿಂತರು.

"ಮಕ್ಕಳನ್ನ ಹೊತ್ತಂಗೆ ಹೊರಬಹುದಿತ್ತಲ್ಲ ಅಂತ ಈಗ ಎಲ್ರೂ ಅಂತಾರೆ. ಹಂಗೆ ಹೊತ್ರೆ ಕಾಲು ಜೋತಾಡಿ ಗಿಡಕ್ಕೆ, ಕಲ್ಲಿಗೆ ಬಡಿತೈತ್ರಿ. ಸಾವ್ಕಾರ್ರು ನನ್ನ ಕುತ್ತಿಗೆ ಹಿಚುಕ್ತಾರೆ. ಇಬ್ರೂ ಉರುಳ್ತೀವಿ. ಹಿಂದ್ಮುಖ ಕುಂತ್ರೆ ತಲೆ ಸುತ್ತುತೈತೆ, ಅದಕ್ಕೇ ಕಣ್ಣು ಮುಚ್ಕಳ್ರಿ ಅಂದೆ." ಭಾರ ಎಷ್ಟಿತ್ತು ಎಂದರೆ ನಗುತ್ತಾರೆ. "ಚೀಲಕ್ಕಿಂತ ಜಾಸ್ತಿನೇ. ಚೀಲ ಆದ್ರೆ ಗುದ್ದಿ ಸರಿ ಮಾಡ್ಕಬಹುದು. ಸಾವ್ಕಾರ್ರನ್ನ ಗುದ್ದಾಕಾಗ್ತೈತಾ?"

ಇಳಿಜಾರು, ಕೆಸರು, ತೊರೆಯ ಮೇಲೆ ತೊರೆ. ನಡುನಡುವೆ ಕುರ್ಚಿಯನ್ನು ಬಂಡೆಗೆ ಆನಿಸಿ ನಿಲ್ಲುವುದು, ಮತ್ತೆ ಹೊರಡುವುದು. ಹುಡುಗರು ಅಕ್ಕಪಕ್ಕ ಹಿಡಿದರು, ಆದರೆ ದಾರಿ ಒಬ್ಬನಿಗೆ ಮಾತ್ರ ಅಗಲ. ಹಿಂದೆ ಬರುತ್ತಿದ್ದವರು ಧೈರ್ಯಕ್ಕೆಂದು "ಹರ ಹರ ಮಹಾದೇವ" ಎಂದರು. ಜೀಪು ನಿಂತಿದ್ದ ಜಾಗ ತಲುಪಿದಾಗ ಸಂಜೆಯ ಬೆಳಕು ಇನ್ನೂ ಇತ್ತು. ಅಲ್ಲಿಂದ ಆಸ್ಪತ್ರೆ. ಇನ್ನಷ್ಟು ಅಲುಗಾಡಿದ್ದರೆ ಮೂಳೆ ಚರ್ಮ ಹರಿದು ಹೊರಬರುತ್ತಿತ್ತು ಎಂದು ವೈದ್ಯರು ಹೇಳಿದರಂತೆ.

ಇಲ್ಲಿಗೆ ಮುಗಿಯಬೇಕಿತ್ತು. ಬಸವಕಿರಣ್ ದಾರಿಯುದ್ದಕ್ಕೂ ಹಿಂದಿನಿಂದ ವಿಡಿಯೊ ತೆಗೆದಿದ್ದರು. ಸಿಗ್ನಲ್ ಸಿಕ್ಕಿದ ಕೂಡಲೆ, ಅದರ ಮಾತನ್ನೆಲ್ಲ ತೆಗೆದುಹಾಕಿ, ಶಂಖ ಜಾಗಟೆಯ ಸಂಗೀತ ಹಾಕಿ, "ನಮ್ಮ ತಂಡದ ಸಾಹಸ" ಎಂದು ಹರಿಯಬಿಟ್ಟರು. ಓದುಗರೇ ಊಹಿಸಿಕೊಳ್ಳಿ. ಕುರ್ಚಿಯಲ್ಲಿ ಕಾಲು ಮಡಚಿ ಕೂರಿಸಿ ಬಿಗಿದಿದೆ. ಮೈಮೇಲೆ ಕೇಸರಿ ವಸ್ತ್ರ. ಹಣೆಯ ತುಂಬ ವಿಭೂತಿ. ಕಣ್ಣು ಮುಚ್ಚಿದೆ. ಹಿಂದೆ ಜನ ಕೈಯೆತ್ತಿ ಬಾಯಾಡಿಸುತ್ತಿದ್ದಾರೆ. ಮೇಲೆ ಶಂಖ, ಜಾಗಟೆ.

ನಮ್ಮ ಲಿಂಗಾಯತ ಜನರಲ್ಲಿ ಲಿಂಗೈಕ್ಯರಾದವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತೇವೆ. ಆದ್ದರಿಂದ ನೋಡಿದವರು ಏನೆಂದುಕೊಂಡರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿಯಾಗುವಷ್ಟರಲ್ಲಿ ಬಕ್ಕೇಶರ ಮನೆಗೆ ಸಂತಾಪದ ಫೋನುಗಳು ಶುರುವಾದವು. ಬಾತಿಯಿಂದ ಸೋದರಮಾವ ಹೂವಿನ ಹಾರ ಹಿಡಿದೇ ಬಂದಿಳಿದರು. ಯಾವ ಸುದ್ದಿಯೂ ಇಲ್ಲದೆ ರೊಟ್ಟಿ ತಟ್ಟುತ್ತಿದ್ದ ತಾಯಿ ದ್ರಾಕ್ಷಾಯಣಮ್ಮನವರಿಗೆ ಯಾರೋ ಮೊಬೈಲು ತೋರಿಸಿದರು. ಆಕೆ ಅಲ್ಲೇ ಕುಸಿದರು.

ಆ ತಾಯಿಯ ಸಂಕಟವನ್ನು ನಾನು ಹಗುರ ಮಾಡುವುದಿಲ್ಲ. ಶ್ರಾವಣದಲ್ಲಿ ನನ್ನ ಮನೆಯಾಕೆಯನ್ನು ಹಾಗೆಯೇ ಕೂರಿಸಿ, ಹಾಗೆಯೇ ವಿಭೂತಿ ಹಚ್ಚಿ, ಹೊತ್ತು ಒಯ್ದಾಗ ನಾನು ಹಿಂದೆ ನಡೆದೆ. ಆ ನೋಟ ಕಣ್ಣಿನಿಂದ ಹೋಗುವಂಥದ್ದಲ್ಲ. ಆದರೆ ಅದನ್ನು ನೋಡಿದವನಾಗಿಯೇ ಹೇಳುತ್ತೇನೆ, ಎರಡೂ ಒಂದೇ ಎನ್ನುವುದು ಸುಳ್ಳು. ಅಂದು ಹೊತ್ತವರು ಕೂತವಳನ್ನು ಏನೂ ಕೇಳಲಿಲ್ಲ. ಕೆಂಚಣ್ಣ ನಾಲ್ಕು ಹೆಜ್ಜೆಗೊಮ್ಮೆ "ಇದೀರೇನ್ರಿ ಸಾವ್ಕಾರ್ರೆ?" ಎಂದು ಕೇಳುತ್ತಿದ್ದರು, ಬೆನ್ನ ಹಿಂದಿನಿಂದ "ಇದೀನಪಾ, ಇದೀನಿ" ಎಂದು ಉತ್ತರ ಬರುತ್ತಿತ್ತು. ಶಾಂತಲಾ ಬೆನ್ನಹಿಂದೆಯೇ ನಡೆದು ಕೇಳಿದವರು. ಆ ಪ್ರಶ್ನೆಯನ್ನೂ ಆ ಉತ್ತರವನ್ನೂ ಅಳಿಸಿ ಜಾಗಟೆ ಬಾರಿಸಿದ್ದು ಕೆಂಚಣ್ಣನಲ್ಲ. ವಿಭೂತಿ ಸಾವಿನ ಗುರುತಲ್ಲ. ದಿನಾ ಬೆಳಗ್ಗೆ ಅದನ್ನು ಹಚ್ಚಿಕೊಳ್ಳುವ ನಮಗೆ ಅಷ್ಟಾದರೂ ತಿಳಿದಿರಬೇಕಿತ್ತು.

ತಪ್ಪು ಯಾರ ತಲೆಗೆ ಬಂತು ನೋಡಿ. ಬಕ್ಕೇಶರ ಮನೆಯವರು ಸಿಟ್ಟಾದ ಕೂಡಲೆ ಬಸವಕಿರಣ್ ವಿಡಿಯೊ ಅಳಿಸಿದರು. ಊರಿಡೀ ಹರಡಿದ್ದನ್ನು ಅಳಿಸಲಾಗುತ್ತದೆಯೇ? "ನಮ್ಮ ಹೊರುವ ಆಳು ತಿಳಿಯದೆ ಹಾಗೆ ಕಟ್ಟಿದ" ಎಂದು ಬರೆದು ಕೈತೊಳೆದುಕೊಂಡರು. ಹಿಂದಿನ ಸಂಜೆ "ನಮ್ಮ ತಂಡದ ಸಾಹಸ"ವಾಗಿದ್ದದ್ದು ಮರುದಿನ "ಹೊರುವ ಆಳಿನ ತಪ್ಪು" ಆಯಿತು. ಜೀವಂತ ಮನುಷ್ಯನನ್ನು ಹೆಣದಂತೆ ಹೊತ್ತದ್ದು ಅಪಶಕುನ, ಕೆಂಚಣ್ಣ ಎಲ್ಲರೂ ನೋಡುವಂತೆ ತಪ್ಪೊಪ್ಪಿಕೊಳ್ಳಬೇಕು, ಇಲ್ಲವಾದರೆ ಅವನನ್ನು ಬೆಟ್ಟಕ್ಕೆ ಒಯ್ಯಕೂಡದು ಎಂದು ಬಕ್ಕೇಶ್ ಹಟ ಹಿಡಿದರು. ಅವರ ಕಡೆಯ ಅನೇಕರು ಈ ಸಂಸ್ಥೆಯ ಗಿರಾಕಿಗಳು. ಎರಡೂ ಮನೆಗೆ ಬೇಕಾದವನೆಂದು ದ್ರಾಕ್ಷಾಯಣಮ್ಮ ನನ್ನನ್ನೂ ಕರೆಸಿದರು.

ಎಸ್.ಎಸ್. ಬಡಾವಣೆಯ ಆ ಮನೆಯ ನಡುಮನೆಯಲ್ಲಿ ಬಕ್ಕೇಶ್ ಸೋಫಾದ ಮೇಲೆ, ಕಾಲು ಸ್ಟೂಲಿನ ಮೇಲೆ. ಬಸವಕಿರಣ್ ಮೊಬೈಲು ಸಿದ್ಧವಾಗಿ ಹಿಡಿದಿದ್ದಾರೆ. ಸಾಕ್ಷಿ ಹೇಳಲೆಂದು ಶಾಂತಲಾ ತಾವಾಗಿಯೇ ಬಂದಿದ್ದಾರೆ. ಒಗೆದ ಅಂಗಿ ತೊಟ್ಟ ಕೆಂಚಣ್ಣ ಬಾಗಿಲಲ್ಲಿ ನಿಂತಾಗ "ಒಳಗ ಬರ್ರಿ, ಕೂಡ್ರಿ" ಎಂದವರು ಆ ತಾಯಿಯೇ. ಕೆಂಚಣ್ಣ ಕುರ್ಚಿಯ ಅಂಚಿಗೆ ಕೂರುತ್ತಾರೆ.

"ಕಾಲು ಹೆಂಗೈತ್ರಿ ಸಾವ್ಕಾರ್ರೆ?"

ಬಕ್ಕೇಶ್ ಗೋಡೆ ನೋಡುತ್ತಾರೆ. ತಾಯಿಯೇ ಉತ್ತರಿಸುತ್ತಾರೆ. "ರಾಡ್ ಹಾಕ್ಯಾರಪ್ಪ. ಇನ್ನೂ ಊರಬಾರ್ದಂತೆ. ನಾನು ಒಂದೇ ಮಾತು ಕೇಳ್ತೀನಿ, ನಿಜ ಹೇಳು. ನನ್ನ ಮಗನ ಹಣೆಗೆ ವಿಭೂತಿ ಯಾಕ ಹಚ್ಚಿದೆ?"

"ಹೊರಾಕೆ ಮುಂಚೆ ಹಚ್ತೀವ್ರಮ್ಮ. ದಿನಾ ಮೊದಲ್ನೇ ಚೀಲಕ್ಕೆ ಹಚ್ತೀವಿ. ಮಾಲು ಬೀಳಬಾರ್ದು ಅಂತ."

"ನನ್ನ ಮಗ ಮಾಲೇನಪ್ಪ?"

"ಅಲ್ರಮ್ಮ. ಅದಕ್ಕೇ ಮೂರು ಬೆರಳಾಗೆ ಹಚ್ಚಿದೆ. ಚೀಲಕ್ಕೆ ಒಂದೇ ಬೆರಳು."

ದ್ರಾಕ್ಷಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಬಸವಕಿರಣ್ ಮುಂದಕ್ಕೆ ಬಾಗುತ್ತಾರೆ. "ಕೆಂಚಣ್ಣ, ಜಾಸ್ತಿ ಬೇಡ. 'ನಾನು ಹಾಗೆ ಹೊತ್ತಿದ್ದು ತಪ್ಪು, ಕ್ಷಮಿಸಿ' ಅಂತ ಎರಡೇ ಮಾತು ಹೇಳಿಬಿಡು. ರೆಕಾರ್ಡ್ ಮಾಡ್ಕೊಂಡು ಹಾಕ್ತೀನಿ. ಮುಂದಿನ ಶನಿವಾರ ನೀನೇ ಬರ್ತೀಯ."

"ನಿಮಗೆ ನಾಚಿಕೆ ಆಗಲ್ವಾ?" ಶಾಂತಲಾ ಎದ್ದು ನಿಲ್ಲುತ್ತಾರೆ. "ಮಾತು ಅಳಿಸಿದ್ದು ನೀವು. ನನ್ನ ಫೋನಿನಲ್ಲೂ ಆವತ್ತಿಂದು ಇದೆ, ಮಾತು ಸಮೇತ. ಈಗಲೇ ಹಾಕ್ತೀನಿ. ಎಲ್ಲರೂ ಕೇಳಲಿ, ಯಾರು ಯಾರನ್ನ ಏನಂತ ಕರೀತಿದ್ರು ಅಂತ."

ಬಕ್ಕೇಶರ ಮುಖ ಬಿಳಿಚಿಕೊಂಡಿತು. ನಾನು ನೋಡಿದೆ. ಕೆಂಚಣ್ಣನೂ ನೋಡಿದರು. ತಟ್ಟನೆ ಎದ್ದು ಶಾಂತಲಾರ ಕೈಗೆ ಅಡ್ಡವಾಗಿ ನಿಂತರು.

"ಬ್ಯಾಡ್ರಿ ಟೀಚರಮ್ಮ. ಅದು ಅವರದು. ನೋವಿನಾಗ ಆಡಿದ ಮಾತು ಹೊತ್ತೋನಿಗೆ ಮಾತ್ರ. ಅವರ ತಾಯಿ ಮುಂದೂ ಹಾಕಬ್ಯಾಡ್ರಿ."

"ಅಲ್ಲ ಕೆಂಚಣ್ಣ, ಇದೊಂದೇ ನಿಮ್ಮನ್ನ ಉಳಿಸೋದು!"

"ಗೊತ್ತೈತೆ ಬಿಡ್ರಿ. ಒಳಗಿಡ್ರಿ ಅದನ್ನ."

ಆ ಮೊಬೈಲಿನಲ್ಲಿ ಮತ್ತೇನಿದೆ ಎಂದು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಕಾಲು ಮುರಿದು ಕಾಡಿನ ನಡುವೆ ಕುಳಿತ ಯಾರೇ ಆಗಲಿ ಅಳಬಹುದು, ಹೆತ್ತವಳನ್ನು ಕೂಗಬಹುದು. ಅದರಲ್ಲಿ ಅವಮಾನವೇನು? ಅದನ್ನು ಕೇಳಿದವನೊಬ್ಬ ಬೆಟ್ಟದ ಮೇಲೆ ತಿರುಗಾಡುತ್ತಿದ್ದಾನೆ ಎಂಬುದೇ ಬಕ್ಕೇಶರಿಗೆ ಮುಳ್ಳಾಗಿದ್ದರೆ, ಆ ಮುಳ್ಳನ್ನು ಅಂದು ಅವರಿಗಾಗಿ ತೆಗೆದವನೂ ಅವನೇ. ನನ್ನ ಮಾತು ಒರಟೆನಿಸಬಹುದು. ಆ ನಡುಮನೆಯಲ್ಲಿ ಕುಳಿತಿದ್ದರೆ ಓದುಗರಿಗೂ ಇದಕ್ಕಿಂತ ಮೆದುವಾದ ಮಾತು ಹೊಳೆಯುತ್ತಿರಲಿಲ್ಲ.

ಕೆಂಚಣ್ಣ ದ್ರಾಕ್ಷಾಯಣಮ್ಮನವರ ಕಡೆ ತಿರುಗಿ ನೆಲಕ್ಕೆ ಬಗ್ಗಿ ನಮಸ್ಕರಿಸಿದರು. "ನಿಮ್ಮ ಹೊಟ್ಟೆ ಉರೀತಲ್ಲ ತಾಯಿ, ಅದಕ್ಕೆ ಬೀಳ್ತೀನಿ ನಿಮ್ಮ ಕಾಲಿಗೆ. ನೂರು ಸಲ ಬೇಕಾದ್ರೂ ಬೀಳ್ತೀನಿ."

"ಹಾಂ, ಅದನ್ನೇ ಸ್ವಲ್ಪ ಈ ಕಡೆ ತಿರುಗಿ..." ಎಂದು ಬಸವಕಿರಣ್ ಮೊಬೈಲು ಎತ್ತಿದರು.

"ಅದಕ್ಕೆ ಹೇಳಂಗಿಲ್ಲ."

"ಯಾಕೋ? ಎರಡು ಮಾತು!"

"ಹೊತ್ತಿದ್ದು ತಪ್ಪು ಅಂತ ನನ್ನ ಬಾಯಿಂದ ಬಂತು ಅಂದ್ರೆ, ನಾಳೆ ಇನ್ನೊಬ್ರು ಬಿದ್ದಾಗ ನನ್ನ ಬೆನ್ನು ಯೋಚ್ನೆ ಮಾಡ್ತೈತ್ರಿ. ಹೊರ್ಲೋ ಬ್ಯಾಡೋ ಅಂತ. ಬೆನ್ನು ಯೋಚ್ನೆ ಮಾಡಬಾರ್ದು."

ಕೆಂಚಣ್ಣ ಬಕ್ಕೇಶರಿಗೂ ಕೈ ಮುಗಿದು, ಚಪ್ಪಲಿ ಮೆಟ್ಟಿ ಹೊರಟರು. ಬಾಗಿಲವರೆಗೆ ಬಂದ ದ್ರಾಕ್ಷಾಯಣಮ್ಮ ಏನೋ ಹೇಳಲು ಹೋಗಿ ಮಗನತ್ತ ನೋಡಿ ಸುಮ್ಮನಾದರು. ದೊಡ್ಡ ಮನೆಗಳಲ್ಲಿ ತಾಯಂದಿರು ಹೀಗೆ ಸುಮ್ಮನಾಗುವುದು ನನಗೆ ಹೊಸತಲ್ಲ. ಅಂದು ಮಾತ್ರ ತಡೆಯಲಾಗಲಿಲ್ಲ. "ಬಕ್ಕೇಶ್, ನಿಮ್ಮ ತಂದೆ ಇದ್ದಿದ್ದರೆ ಈ ಮನುಷ್ಯನಿಗೆ ಬಾಗಿಲ ತನಕ ಬಂದು ಕೈ ಮುಗಿಯುತ್ತಿದ್ದರು" ಎಂದೆ. "ನನಗೆ ನಡೆಯಾಕೆ ಬರಲ್ಲ ಮೇಷ್ಟ್ರೇ" ಎಂದರು. ಕೈ ಮುಗಿಯಲು ಕಾಲು ಬೇಕೇ?

ಚಾರಣದ ಗಾಡಿಗಳು ಈಗಲೂ ಶನಿವಾರ ಸಂಜೆ ವಿದ್ಯಾನಗರದಿಂದ ಹೊರಡುತ್ತವೆ. ಸಾಲಿನ ಕೊನೆಗೆ ಸೀಟಿ ಕಟ್ಟಿಕೊಂಡ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿದ್ದಾರಂತೆ. ಡೋಲಿ ಕೊಂಡಿರಾ ಎಂದು ಬಸವಕಿರಣ್ ಅವರನ್ನು ನಾನೇ ಹೋಗಿ ಕೇಳಿದೆ. "ಬಜೆಟ್ ನೋಡ್ತಿದೀವಿ ಸರ್" ಎಂದರು. ಕೋಣೆಯ ಮೂಲೆಯಲ್ಲಿ ಕುರ್ಚಿಗಳು ಈಗ ಎರಡಾಗಿದ್ದವು. ಹೊಸದಕ್ಕೆ ತೋಳುಗಳಿವೆ, ಫೋಟೋಗೆ ಇನ್ನೂ ಚೆನ್ನ. ಬೆಟ್ಟವನ್ನು ನೋಡಲು ಹೋಗುವವರು, ಹಕ್ಕಿ ಪ್ರಾಣಿಗಳನ್ನು ನೋಡಲು ಹೋಗುವವರು, ಹೊರಡುವ ಮುನ್ನ ಆ ಕೋಣೆಯಲ್ಲಿ ಒಂದೇ ಪ್ರಶ್ನೆ ಕೇಳಿ ಎಂದು ಬೇಡಿಕೊಳ್ಳುತ್ತೇನೆ. ನಮ್ಮ ಹಿಂದೆ ಯಾರು ಬರುತ್ತಾರೆ? ಉತ್ತರ ಸರಿ ಬಾರದಿದ್ದರೆ ಗಾಡಿ ಹತ್ತಬೇಡಿ.

ಕೆಂಚಣ್ಣನಿಗೆ ಬೆಟ್ಟದ ಕೆಲಸ ತಪ್ಪಿದ ನೋವು ಇದೆ. ಇಲ್ಲವೆಂದು ಅವರು ನಟಿಸುವುದಿಲ್ಲ. ಶನಿವಾರ ಸಂಜೆಯಾದರೆ ಮನೆಯಲ್ಲಿ ಕೂರಲಾರದೆ ಹೊಳೆಯ ದಂಡೆಯಲ್ಲಿ ಅತ್ತಿಂದಿತ್ತ ತಿರುಗಾಡುತ್ತಾರೆ ಎಂದು ನೀಲಕ್ಕ ಹೇಳುತ್ತಾರೆ. ಭಾನುವಾರ ಬೆನ್ನು ನೆಲಕ್ಕೆ ಹಾಕು ಎನ್ನುತ್ತಿದ್ದ ಅದೇ ನೀಲಕ್ಕ ಈಗ, "ಬೇರೆ ಯಾರಾರ ಕರ್ಕಂಡು ಹೋಗಾರಿದ್ರೆ ನೋಡ್ರಿ ಮೇಷ್ಟ್ರೇ. ಈಯಪ್ಪ ಮನೆಯಾಗ ಕುಂತ್ರೆ ನನಗೇ ಉಸಿರು ಕಟ್ತೈತೆ" ಎಂದು ಹೂವಿನ ಜೊತೆಗೆ ಪ್ರತಿದಿನ ನೆನಪಿಸುತ್ತಾರೆ.

ಯಾರ್ಡಿನಲ್ಲಿ ಈಗ ಬಿಸಿಲು ಏರಿದೆ. ಲಾರಿ ಖಾಲಿಯಾಗಿದೆ. ಕೆಂಚಣ್ಣ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ಮುಕ್ಕುತ್ತಿದ್ದಾರೆ. ಎದುರಿನ ಸಾಲಿನಲ್ಲಿ ಬಕ್ಕೇಶರ ಅಂಗಡಿ. ಗುಮಾಸ್ತರು ವ್ಯಾಪಾರ ನಡೆಸುತ್ತಿದ್ದಾರೆ. ಬಿದ್ದ ದಿನದಿಂದ ಯಜಮಾನರು ಅಂಗಡಿಗೆ ಬಂದಿಲ್ಲ.

ಈಗ ನಿಮಗೇನಾಗಬೇಕು, ಬಾಯಿಬಿಟ್ಟು ಹೇಳಿ, ಬರೆಯುತ್ತೇನೆ ಎಂದು ಕೇಳುತ್ತೇನೆ. ಅವರು ಎದುರಿನ ಅಂಗಡಿಯ ಕಡೆ ಕೈ ತೋರಿಸುತ್ತಾರೆ.

"ಸಾವ್ಕಾರ್ರು ಒಂದಿನ ಅಂಗಡಿಗೆ ಬರ್ಬೇಕ್ರಿ. ಕಾರಿನಾಗಲ್ಲ, ಆ ಗೇಟಿಂದ ಇಲ್ಲಿಗಂಟ ನಡಕಂಡು. ನನ್ನ ಮಾತಾಡ್ಸಾದು ಬ್ಯಾಡ, ಈ ಕಡೆ ನೋಡಾದೂ ಬ್ಯಾಡ. ಕಾಲು ಎಳಿತೈತೋ ಇಲ್ವೋ ಅಂತ ನಾನು ಹಿಂದ್ಲಿಂದ ನೋಡ್ಕಂತೀನಿ. ನೆಟ್ಟಗೆ ನಡೆದ್ರು ಅಂದ್ರೆ ಸಾಕು."